ಸಿಂದಗಿಯ ತೊಟ್ಟಿಯಲ್ಲಿ ಉದುರಿದ ಹನ್ನೊಂದು ಹವಳಗಳು

ಗುರುವಾರ, ೧೪ ಮಾರ್ಚ್ ೨೦೧೯. ಆಧಾರ: ನನ್ನ ಕೆಲಸದ ದಿನಚರಿ, ನಾಲ್ಕನೆಯ ಪುಸ್ತಕ. ವಾರವನ್ನು ಆ ವರ್ಷದ ಗೋಡೆ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದ್ದೇನೆ. ಅಂದು ಬೆಳಿಗ್ಗೆ ಏಳು ಗಂಟೆಗೆ ಮುಂಚೆಯೇ ಇಂಡಿ ಊರಿನ ನನ್ನ ಮನೆಗೆ ಸಿಂದಗಿಯಿಂದ ಫೋನು ಬಂತು. ಮಾತನಾಡಿದವರು ಶಾಂತಕ್ಕ. ಬಟ್ಟೆ ಹೊಲಿಯುವುದು ಅವರ ಕಸುಬು. ನಮ್ಮ ಪ್ರಯೋಗದ ನಾಲ್ಕು ಗಾಜಿನ ತೊಟ್ಟಿಗಳಲ್ಲಿ ಒಂದನ್ನು ತಮ್ಮ ಪಡಸಾಲೆಯಲ್ಲಿ ಇರಿಸಿಕೊಂಡು ನೋಡಿಕೊಳ್ಳುತ್ತಿದ್ದರು.

“ಅಕ್ಕಾರ, ಲಗೂನ ಬರ್ರಿ. ನಿಮ್ಮ ಹವಳೆಲ್ಲ ಉದುರಿ ಉಸುಕಿನಾಗ ಬಿದ್ದಾವು.”

“ಎಷ್ಟು ಬಿದ್ದಾವ ಶಾಂತಕ್ಕ?”

“ಎಣಿಸೇನ್ರಿ. ಹದಿನಾರರಾಗ ಹನ್ನೊಂದು.”

“ಬರಿಗೈಲೆ ಮುಟ್ಟಬ್ಯಾಡ್ರಿ ಮತ್ತ.”

“ನಾ ಏನ್ ಸಣ್ಣ ಕೂಸೇನ್ರಿ? ಹತ್ತು ಸಲ ಹೇಳೀರಿ, ಗೋಡಿಗಿ ಬ್ಯಾರೆ ಬರದು ಹಚ್ಚೀರಿ. ಬರ್ರಿ ಮೊದಲ!”

ಈ ಬರಹ ಆ ಹನ್ನೊಂದು ತುಂಡುಗಳನ್ನು ಕುರಿತದ್ದು. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತೆಂಬುದು ಕಡತಗಳಲ್ಲಿದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಮನೆಗಳಲ್ಲಿ ಕಡಲ ತೊಟ್ಟಿ ಕಟ್ಟಿಕೊಡುವ ಕೆಲಸಕ್ಕೆ ಇಂದು ಸೇರುತ್ತಿರುವ ಕಿರಿಯರು ಕೈಪಿಡಿಗಳನ್ನು ಓದಿಕೊಂಡು ಬರುತ್ತಾರೆ. ಕೈಪಿಡಿಯಲ್ಲಿ ಹವಳದ ತುಂಡು ಕಲ್ಲಿಗೆ ಅಂಟುತ್ತದೆ, ಅಷ್ಟಕ್ಕೇ ಪುಟ ಮುಗಿಯುತ್ತದೆ. ಅಂಟಿದ್ದು ಬಿದ್ದಾಗ, ತಪ್ಪು ನಿಮ್ಮದೇ ಎಂದು ಮೇಲಿನವರು ಬರೆಯಿಸಿಕೊಳ್ಳಲು ಬಂದಾಗ ಏನು ಮಾಡಬೇಕೆಂಬುದು ಅಲ್ಲಿಲ್ಲ. ಅದನ್ನು ನಾನು ಬರೆಯುತ್ತೇನೆ.

ನಾನು ದುಡಿದದ್ದು ಕರಾವಳಿಯ ಒಂದು ಸಣ್ಣ ಖಾಸಗಿ ಸಂಶೋಧನಾಲಯದಲ್ಲಿ. ಗಟ್ಟಿ ಅಸ್ಥಿಯ ಹವಳಗಳಿಗೆ ಕಾನೂನಿನ ರಕ್ಷಣೆಯಿದೆ. ಅವುಗಳನ್ನು ಕಡಲಿನಿಂದ ಕಿತ್ತು ಮನೆಗೆ ತರುವ ಮಾತೇ ಇಲ್ಲ. ನಮ್ಮಲ್ಲಿದ್ದವು ತೊಟ್ಟಿಯಲ್ಲೇ ತಲೆಮಾರುಗಳಿಂದ ಬೆಳೆದ, ಕಾಗದಪತ್ರ ಸರಿಯಿದ್ದ ಮೃದು ಹವಳಗಳು. ಕಡಲಿನಿಂದ ದೂರದ ಊರಿನಲ್ಲಿ, ಕೈಯಾರೆ ಬೆರೆಸಿದ ಉಪ್ಪುನೀರಿನಲ್ಲಿ, ಸಾಮಾನ್ಯ ಸಂಸಾರವೊಂದು ಅವುಗಳನ್ನು ಉಳಿಸಿಕೊಳ್ಳಬಲ್ಲದೆ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಎತ್ತಿದವಳು ನಾನು. ನಮ್ಮ ನಿರ್ದೇಶಕರು ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದವರು. ಅವರು ಕನ್ನಡಕವನ್ನು ಮೇಜಿನ ಮೇಲಿಟ್ಟು ಹೇಳಿದರು:

“ನೀವು ಇಂಡಿಯವರಲ್ಲವೇ ಮೇಡಂ? ಲಿಂಬೆ ಬೆಳೆಸಿ. ಹವಳವನ್ನು ನಮಗೆ ಬಿಡಿ.”

ನಮ್ಮೂರು ಲಿಂಬೆಗೆ ಹೆಸರಾದದ್ದು. ಸಭೆ ನಕ್ಕಿತು. ಒಂದು ತೊಟ್ಟಿ ಕೇಳಲು ಹೋಗಿದ್ದ ನಾನು ಆ ನಗೆ ಮುಗಿಯುವುದರೊಳಗೆ ನಾಲ್ಕು ಕೇಳಿದೆ: ಇಂಡಿಯ ನನ್ನ ಮನೆಗೆ ಒಂದು, ಸಿಂದಗಿಗೆ ಒಂದು, ಮುದ್ದೇಬಿಹಾಳಕ್ಕೆ ಒಂದು, ಬಸವನ ಬಾಗೇವಾಡಿಗೆ ಒಂದು. ಕೊಟ್ಟರು. ಜೊತೆಗೆ ಒಂದು ಷರತ್ತನ್ನೂ ಬರೆಯಿಸಿದರು. ಮಾರ್ಚ್ ಮುಗಿಯುವುದರೊಳಗೆ ಯಾವುದೇ ಒಂದು ತೊಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಡುಗಳ ಅಂಟು ಬಿಟ್ಟರೆ ವಿಧಾನ ವಿಫಲವೆಂದು ದಾಖಲಿಸಿ ನಾಲ್ಕನ್ನೂ ಮುಚ್ಚತಕ್ಕದ್ದು. ಹದಿನಾರರಲ್ಲಿ ಹನ್ನೊಂದು ಎಂದರೆ ಏನರ್ಥವೆಂದು ಓದುಗರೇ ಲೆಕ್ಕ ಹಾಕಬಹುದು.

ವಿಧಾನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹವಳದ ತುಂಡೆಂದರೆ ಬೆಳೆದ ಗುಂಪಿನಿಂದ ಕತ್ತರಿಸಿ ತೆಗೆದ ಜೀವಂತ ಭಾಗ. ಅದು ಗಿಡವಲ್ಲ, ಪ್ರಾಣಿ. ಸಡಿಲವಾಗಿ ಬಿಟ್ಟರೆ ನೀರಿನ ಹರಿವಿಗೆ ಉರುಳುತ್ತದೆ, ಉಸುಕಿನಲ್ಲಿ ಬೋರಲಾಗಿ ಹೂತುಹೋಗುತ್ತದೆ, ಪಕ್ಕದ ಜಾತಿಯನ್ನು ತಾಗಿದರೆ ಎರಡೂ ಒಂದನ್ನೊಂದು ಸುಡುತ್ತವೆ. ಆದ್ದರಿಂದ ಮೊದಲು ತುಂಡಿನ ತಳವನ್ನೂ ಕಲ್ಲಿನ ಮೈಯನ್ನೂ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ ನೀರು, ಲೋಳೆ ತೆಗೆಯಬೇಕು. ತಳಕ್ಕೆ ಗಟ್ಟಿ ಜೆಲ್ ರೂಪದ ಸೂಪರ್ ಗ್ಲೂ. ಅದರ ಮೇಲೆ, ಪೈಪಿನ ಸೋರಿಕೆ ಮುಚ್ಚಲು ಎರಡು ಬಣ್ಣದ ಉಂಡೆಗಳನ್ನು ಕಲಸಿ ಬಳಸುತ್ತಾರಲ್ಲ, ಆ ಪುಟ್ಟಿಯ ಗೋಲಿಯಷ್ಟು ಉಂಡೆ. ಪುಟ್ಟಿಯ ಮೇಲೆ ಮತ್ತೆ ಗ್ಲೂ. ಆಮೇಲೆ ಕಲ್ಲಿಗೆ ಒತ್ತಿ, ತುಸುವೇ ತಿರುಚಿ, ಅಲುಗಾಡದೆ ಹಿಡಿಯಬೇಕು. ಗ್ಲೂ ಬೇಗ ಹಿಡಿಯುತ್ತದೆ, ಆದರೆ ಪೆಡಸು. ಪುಟ್ಟಿ ನಿಧಾನ, ಆದರೆ ಕಲ್ಲಿನ ತಗ್ಗುಗಳನ್ನು ತುಂಬಿಕೊಳ್ಳುತ್ತದೆ. ಒಂದಕ್ಕೊಂದು ಆಸರೆ. ಕೇವಲ ಗ್ಲೂ ಸಾಕೆಂದು ಹೇಳುವವರು ಇನ್ನೂ ಇದ್ದಾರೆ. ಅವರ ತೊಟ್ಟಿಗಳನ್ನು ಆರು ತಿಂಗಳ ನಂತರ ನೋಡಬೇಕು.

ಗುಂಡಿಯಾಕಾರದ ಹವಳಗಳನ್ನು ಕತ್ತರಿಸುವಾಗ ಕೈಗವಸು, ಕನ್ನಡಕ ಕಡ್ಡಾಯ. ಅವುಗಳ ರಸ ವಿಷ. ನಾನು ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ಸೇವೆಗೆ ಸೇರಿದ ಹೊಸತರಲ್ಲಿ, ಒಂದೇ ಒಂದು ತುಂಡು ತಾನೆ ಎಂದು ಕನ್ನಡಕವಿಲ್ಲದೆ ಕತ್ತರಿ ಹಾಕಿದೆ. ರಸ ಚಿಮ್ಮಿ ಎಡಗಣ್ಣು ಊದಿ, ಒಂದು ವಾರ ಬೆಳಕು ಕಂಡರೆ ನೀರು ಸುರಿಯಿತು. ಆ ತಪ್ಪು ನನ್ನದು, ಇಲ್ಲಿ ಅಡಗಿಸುವುದಿಲ್ಲ.

ಬಾಗೇವಾಡಿಯ ತೊಟ್ಟಿಯ ಕಥೆ ಬೇರೆ. ಅಲ್ಲಿ ಅದನ್ನು ಒಬ್ಬ ವಕೀಲರು ನೋಡಿಕೊಳ್ಳುತ್ತಿದ್ದರು. ಬಿಸಿಲು ಏರಿದಂತೆ ತೊಟ್ಟಿಯ ನೀರು ಆರಿ ಮಟ್ಟ ಇಳಿಯುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಉಪ್ಪಿಲ್ಲದ ಶುದ್ಧ ನೀರನ್ನೇ ತುಂಬಬೇಕು. ವಕೀಲರು ಪ್ರತಿದಿನ ಉಪ್ಪುನೀರು ಬೆರೆಸಿ ತುಂಬಿದರು. ಹವಳಗಳು ಮುಷ್ಟಿಯಂತೆ ಮುಚ್ಚಿಕೊಂಡವು. ನಾನು ಹೋಗಿ ಉಪ್ಪಿನ ಅಳತೆ ತೋರಿಸಿದಾಗ ಅವರು ವಾದಕ್ಕೇ ನಿಂತರು.

“ಅಕ್ಕಾರ, ಸಮುದ್ರದ ಜೀವಕ್ಕ ಸಪ್ಪನ್ನ ನೀರು ಹಾಕಂತೀರಿ. ಇದ್ಯಾವ ನ್ಯಾಯಾರಿ?”

“ವಕೀಲ್ರ, ಸಾರು ಕುದ್ದು ಇಂಗಿದಾಗ ಮನ್ಯಾಗ ಏನ್ ಹಾಕ್ತಾರ? ಉಪ್ಪೋ, ನೀರೋ?”

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಅವ್ರಿಗೇನ್ ಕೇಳ್ತೀರಿ, ಅವ್ರು ಒಲಿ ನೋಡಿದ್ರ ತಾನ!” ವಕೀಲರು ಮರುದಿನದಿಂದ ಶುದ್ಧ ನೀರು ತುಂಬಿದರು. ವಾದದಲ್ಲಿ ಸೋತೆನೆಂದು ಮಾತ್ರ ಇಂದಿಗೂ ಒಪ್ಪಿಲ್ಲ.

ತೊಗಲಿನಂತಹ ಮೈಯ ಹವಳವೊಂದಿದೆ. ಅದಕ್ಕೆ ಗ್ಲೂ ನಿಲ್ಲುವುದಿಲ್ಲ. ಲೋಳೆ ಸುರಿಸಿ, ಅಂಟಿನ ಸಮೇತ ಮೈಯ ಪೊರೆ ಕಳಚಿ ತೇಲಿಬಿಡುತ್ತದೆ. ಸಂಶೋಧನಾಲಯದಲ್ಲಿ ನಾವು ಅದನ್ನು ರಬ್ಬರ್ ಬಳೆಯಿಂದ ಕಲ್ಲಿಗೆ ಬಿಗಿಯುತ್ತಿದ್ದೆವು. ಎಷ್ಟೋ ಸಲ ರಬ್ಬರು ಮೈಯನ್ನು ಕೊಯ್ದು ತುಂಡು ಎರಡಾಗುತ್ತಿತ್ತು. ಸಿಂದಗಿಯಲ್ಲಿ ಇದನ್ನು ನೋಡುತ್ತ ನಿಂತ ಶಾಂತಕ್ಕ, “ಜಂಪರಿಗಿ ಗುಂಡಿ ಹಚ್ಚೂಮುಂದ ನಾವೇನ್ ದಾರ ಬಿಗದ ಕಟ್ತೇವೇನ್ರಿ? ಸ್ವಲ್ಪ ಸಡ್ಲ ಬಿಡ್ತೇವಿ, ಆಡಾಕ,” ಎಂದು ಸೂಜಿ ಎತ್ತಿಕೊಂಡರು. ಕೈಗವಸು ತೊಟ್ಟು, ಹವಳದ ಪಾದದಲ್ಲಿ ಎರಡೇ ಎರಡು ಟಾಕಿ ಹಾಕಿ, ದಾರವನ್ನು ಕಲ್ಲಿನ ತೂತಿನಿಂದ ದಾಟಿಸಿ ತುಸು ಸಡಿಲವಾಗಿ ಗಂಟು ಹಾಕಿದರು. ಎರಡು ವಾರದಲ್ಲಿ ಹವಳವೇ ಕಲ್ಲನ್ನು ಹಿಡಿದುಕೊಂಡಿತು. ದಾರ ಕತ್ತರಿಸಿ ತೆಗೆದೆವು. ಈ ಕ್ರಮವನ್ನು ನಾನು ವರದಿಯಲ್ಲಿ ಶಾಂತಕ್ಕನ ಹೆಸರಿನಲ್ಲಿಯೇ ಬರೆದೆ. ಸಂಶೋಧಕರಲ್ಲದವರ ಹೆಸರು ವರದಿಯಲ್ಲಿ ಬರಕೂಡದೆಂದು ಮೇಲಿನವರು ಅದನ್ನು ಹೊಡೆದುಹಾಕಿದರು. ಮರು ಪ್ರತಿಯಲ್ಲಿ ಮತ್ತೆ ಬರೆದೆ. ಮೂರನೆಯ ಬಾರಿಗೆ ಅವರೇ ಬಿಟ್ಟರು.

ಇನ್ನು ಕಲ್ಲಿನ ವಿಷಯ. ತುಂಡುಗಳಿಗೆ ತಳವಾಗಿ ಕರಾವಳಿಯಲ್ಲಿ ಸಿಮೆಂಟಿನ ಬಿಲ್ಲೆಗಳನ್ನು ಬಳಸುತ್ತಿದ್ದೆವು. ನಾಲ್ಕು ಊರಿನ ತೊಟ್ಟಿಗಳಿಗೆ ಮಾತ್ರ ಮುದ್ದೇಬಿಹಾಳದ ಕಡೆ ಮನೆಗಳ ನೆಲಕ್ಕೆ ಹಾಸುವ ಫರಸಿಕಲ್ಲಿನ ಚೂರುಗಳು ಬಂದವು. ಅದು ಸುಣ್ಣದ ಕಲ್ಲು. ಹವಳಕ್ಕೆ ಒಗ್ಗುವಂಥದ್ದು, ನೋಡಲು ಸೊಗಸು, ಅಲ್ಲಿಯೇ ಸಿಗುವಂಥದ್ದು. ಈ ಆಯ್ಕೆ ನಿರ್ದೇಶಕರದು. ಸ್ಥಳೀಯ ಕಲ್ಲನ್ನೇ ಬಳಸಿರೆಂದು ಅವರು ಪಟ್ಟು ಹಿಡಿದರು, ಪರೀಕ್ಷಿಸದ ಕಲ್ಲು ಬೇಡವೆಂದು ನಾನು ತಕರಾರು ಮಾಡಿದೆ, ಅವರು ಕೇಳಲಿಲ್ಲ. ಕಲ್ಲು ಕೊಟ್ಟವರು ಮುದ್ದೇಬಿಹಾಳದ ಫರಸಿ ವ್ಯಾಪಾರಿ ಸಂಗಪ್ಪನವರು. ಆ ಊರಿನ ತೊಟ್ಟಿ ಇದ್ದದ್ದೂ ಅವರ ಮನೆಯಲ್ಲೇ. ಅವರು ಅಂದು ಏನೂ ಹೇಳದೆ ಚೂರುಗಳನ್ನು ಚೀಲಕ್ಕೆ ತುಂಬಿಕೊಟ್ಟರು. ಹೀಗೆಂದು ನನಗೆ ಸ್ಪಷ್ಟವಾಗಿ ನೆನಪಿದೆ, ಹೀಗೆಂದೇ ಹಲವು ಸಭೆಗಳಲ್ಲಿ ಹೇಳಿದ್ದೇನೆ.

ಮಾರ್ಚ್ ಹದಿನಾಲ್ಕಕ್ಕೆ ಮರಳುತ್ತೇನೆ. ಇಂಡಿಯಿಂದ ಸಿಂದಗಿಗೆ ಬಸ್ಸಿನಲ್ಲಿ ಹೋಗುವಾಗಲೇ ನಿರ್ದೇಶಕರಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಅಡಗಿಸಿಡುವ ಅಭ್ಯಾಸ ನನಗಿಲ್ಲ.

“ಅಂಟು ಬಿಟ್ಟಿದೆ ಎಂದು ಎರಡು ಸಾಲು ಬರೆದು ಸಹಿ ಮಾಡಿ ಕಳಿಸಿ ಮೇಡಂ. ಹವಳಗಳನ್ನು ತರಲು ವಾಹನ ಕಳಿಸುತ್ತೇನೆ,” ಎಂದರು.

“ಬಿದ್ದದ್ದನ್ನು ನಾನಿನ್ನೂ ನೋಡಿಲ್ಲ ಸರ್.”

“ಬಿದ್ದಿದೆ ಎಂದು ನೀವೇ ಹೇಳುತ್ತಿದ್ದೀರಿ. ಇನ್ನು ನೋಡುವುದೇನಿದೆ?”

“ಬಿದ್ದಿದೆ ಎಂದೆ. ಅಂಟು ಬಿಟ್ಟಿದೆ ಎನ್ನಲಿಲ್ಲ.”

ಪಕ್ಕದ ಸೀಟಿನಲ್ಲಿದ್ದ, ಮೋರಟಗಿಗೆ ಹೊರಟಿದ್ದ ಹೆಂಗಸು ಮಡಿಲಲ್ಲಿದ್ದ ಲಿಂಬೆಯ ಚೀಲ ಸರಿಸಿಕೊಂಡು ನನ್ನನ್ನೇ ನೋಡಿದಳು. “ಏನ್ ಬಿದ್ದದ್ರೀ ಯವ್ವಾ, ಮನೀ ಏನು?” ಎಂದಳು. ಇಲ್ಲವೆಂದೆ. “ಮನಿ ಅಲ್ಲಂದ್ರ ಎಬ್ಬಸಾಕ ಬರತೈತಿ ಬಿಡ್ರಿ,” ಎಂದು ಕಿಟಕಿಯತ್ತ ತಿರುಗಿದಳು.

ಶಾಂತಕ್ಕನ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲಿ ತೊಟ್ಟಿ. ಹಿಂದಿನ ದಿನ ಅವರು ನೀರು ಹರಿಸುವ ಮೋಟರಿನ ಜಾಳಿಗೆಯನ್ನು ತೊಳೆದಿದ್ದರು; ಕಸ ಹೋಗಿ ಹರಿವು ಜೋರಾಗಿತ್ತು. ಹನ್ನೊಂದು ತುಂಡುಗಳು ಉಸುಕಿನಲ್ಲಿ ಮಗುಚಿ ಬಿದ್ದಿದ್ದವು. ಕೈಗವಸು ತೊಟ್ಟು ಮೊದಲನೆಯದನ್ನು ಎತ್ತಿ ಬಿಳಿ ತಟ್ಟೆಯಲ್ಲಿಟ್ಟೆ. ನನ್ನ ಕಣ್ಣು ಹವಳದ ಮೇಲಿತ್ತು, ಬದುಕಿದೆಯೇ ಎಂದು. ಶಾಂತಕ್ಕನ ಕಣ್ಣು ಅದರ ತಳದ ಮೇಲಿತ್ತು. ಅವರು ಕತ್ತರಿಯ ತುದಿಯಿಂದ ತಳವನ್ನು ಕೆದಕಿದರು.

“ಅಕ್ಕಾರ, ಇಲ್ನೋಡ್ರಿ. ಹೊಲಿಗಿ ಬಿಚ್ಚಿಲ್ಲ. ಅರಿವಿ ಹರದೈತಿ.”

ನಿಜ. ಹವಳದ ತಳಕ್ಕೆ ಗ್ಲೂ, ಗ್ಲೂವಿಗೆ ಪುಟ್ಟಿ, ಪುಟ್ಟಿಗೆ ಮತ್ತೆ ಗ್ಲೂ, ಅದಕ್ಕೆ ಕಾಗದದಷ್ಟು ತೆಳುವಾದ ಬೂದು ಬಣ್ಣದ ಕಲ್ಲಿನ ಹಾಳೆ. ಒಂದೂ ಬಿಟ್ಟಿರಲಿಲ್ಲ. ಬಿಟ್ಟದ್ದು ಕಲ್ಲಿನ ಮೇಲ್ಪದರು, ಕಲ್ಲಿನಿಂದಲೇ. ಹನ್ನೊಂದನ್ನೂ ಎತ್ತಿ ನೋಡಿದೆವು. ಹನ್ನೊಂದರ ತಳದಲ್ಲೂ ಅದೇ ಬೂದು ಹಾಳೆ. ಒಂದೊಂದರ ಚಿತ್ರ ತೆಗೆದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಕಿರಿಯರಿಗೆ ನನ್ನ ಒಂದೇ ಒಂದು ಆಜ್ಞೆ: ಬಿದ್ದ ತುಂಡನ್ನು ತಕ್ಷಣ ಮತ್ತೆ ಅಂಟಿಸಬೇಡಿ. ಮೊದಲು ಮಗುಚಿ ನೋಡಿ. ಎಲ್ಲಿಂದ ಬಿಟ್ಟಿತೆಂಬುದು ತಳದಲ್ಲಿ ಬರೆದಿರುತ್ತದೆ. ಮರಳಿ ಅಂಟಿಸಿದರೆ ಆ ಬರಹವನ್ನು ನೀವೇ ಅಳಿಸಿದಂತೆ.

ತುಂಡುಗಳನ್ನು ಹರಿವು ಕಡಿಮೆಯಿದ್ದ ಮೂಲೆಯಲ್ಲಿ ತೂತು ಬುಟ್ಟಿಯೊಳಗಿಟ್ಟು, ಕಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡು ಮರುದಿನ ಮುದ್ದೇಬಿಹಾಳಕ್ಕೆ ಹೋದೆ. ಸಂಗಪ್ಪನವರು ಅಂಗಡಿಯ ಮುಂದೆ ಚಪ್ಪಡಿಗಳ ನಡುವೆ ಕುಳಿತಿದ್ದರು. ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

“ಅಕ್ಕಾರ, ಇವು ಖಣಿಯ ಮ್ಯಾಲಿನ ಪದರಿನವು. ನಡುವ ಮಣ್ಣಿನ ಎಳಿ ಇರತೈತಿ. ನೀರು ಕುಡೀತಂದ್ರ ಉಬ್ಬಿ ಬಿಡತೈತಿ. ನಾ ಮೊದಲ…” ಎಂದು ಏನೋ ಹೇಳಹೊರಟು ನಿಲ್ಲಿಸಿದರು. “ಹೋಗ್ಲಿ ಬಿಡ್ರಿ. ಚಾ ತಗೋರಿ.”

“ನಿಮ್ಮ ಮನೀ ತೊಟ್ಟ್ಯಾಗ ಯಾಕ ಒಂದೂ ಬಿದ್ದಿಲ್ಲ ಸಂಗಪ್ಪನವರ?”

ಅವರು ಮೀಸೆಯೊಳಗೆ ನಕ್ಕರು. “ನನ್ನ ಕಲ್ಲು ನಾ ಆರಸಿ ಹಾಕೇನ್ರಿ. ನಿಮಗ ಕೊಟ್ಟದ್ದು ನೀವು ಆರಸಿದ್ದು. ಬರ್ರಿ, ತೋರಸ್ತೇನಿ.”

ಅವರು ಒಂದು ಚೂರನ್ನು ಬೆರಳ ತುದಿಯಲ್ಲಿ ತೂಗಾಡಿಸಿ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿದರು. ಗಂಟೆಯಂತೆ ನುಡಿಯಿತು. ಇನ್ನೊಂದನ್ನು ಬಡಿದರು, ಒಡೆದ ಗಡಿಗೆಯ ಹಾಗೆ ದಪ್ಪೆಂದಿತು. “ದಪ್ಪ ಅಂದದ್ದು ನೆಲಕ್ಕ ಸೈತ ನಾ ಹಾಸಾಂಗಿಲ್ಲ.” ಆಮೇಲೆ ನನ್ನ ಕೈಯಿಂದ ಕಲ್ಲು ತೆಗೆದುಕೊಂಡು ಅಡ್ಡಕ್ಕೆ ಮುರಿದು, ಮುರಿದ ಒರಟು ಅಂಚು ಮೇಲೆ ಬರುವಂತೆ ಉಸುಕಿನಲ್ಲಿ ನಿಲ್ಲಿಸಿದರು. “ಇಲ್ಲಿ ಹಚ್ಚರಿ ನಿಮ್ಮ ಅಂಟು. ಮಲಗಿಸಿದ ಕಲ್ಲಿಗಿ ಹಚ್ಚಿದ್ರ ಒಂದ ಪದರಿಗಿ ಹಚ್ಚಿಧಾಂಗ. ನಿಲ್ಲಿಸಿದ ಕಲ್ಲಿಗಿ ಹಚ್ಚಿದ್ರ ಎಲ್ಲಾ ಪದರೂ ಕೈ ಕೂಡಸ್ತಾವು.”

ಎಷ್ಟೋ ವರ್ಷ ಹವಳಗಳನ್ನು ಅಂಟಿಸಿದ ನಾನು ಕಲ್ಲಿನ ಯಾವ ಮುಖಕ್ಕೆ ಅಂಟಿಸುತ್ತಿದ್ದೇನೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಂದಿನಿಂದ ಕ್ರಮ ಬದಲಾಯಿತು. ಬಡಿದು ನುಡಿಯುವ ಕಲ್ಲನ್ನೇ ಆರಿಸುವುದು. ಉಪ್ಪುನೀರಿನಲ್ಲಿ ಹತ್ತು ದಿನ ನೆನೆಹಾಕಿ ಗಡಸು ಬ್ರಷ್ಷಿನಿಂದ ಉಜ್ಜುವುದು. ಹಾಳೆ ಏಳುವುದನ್ನು ಎಸೆಯುವುದು. ಉಳಿದದ್ದನ್ನು ಮುರಿದ ಅಂಚು ಮೇಲಾಗಿ ನಿಲ್ಲಿಸಿ, ಕಾಲು ಭಾಗ ಉಸುಕಿನಲ್ಲಿ ಹೂತು, ಅಂಚಿಗೆ ಅಂಟಿಸುವುದು.

ಸಿಂದಗಿಯ ತುಂಡುಗಳಿಗೆ ಹತ್ತು ದಿನ ಕಾಯಲು ಆಗುತ್ತಿರಲಿಲ್ಲ. ಸಂಗಪ್ಪನವರು ತಮ್ಮ ತೊಟ್ಟಿಯಲ್ಲಿ ನೆನೆದಿದ್ದ ಹನ್ನೊಂದು ಕಲ್ಲುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟರು. ನಾನೂ ಶಾಂತಕ್ಕನೂ ಕುಳಿತು ಹನ್ನೊಂದನ್ನೂ ಅಂಟಿಸಿದೆವು. ಅವರು ಒರೆಸುವುದು, ನಾನು ಒತ್ತುವುದು. ನಾನು ಹಿಡಿದ ಕೈಯನ್ನು ಬೇಗ ತೆಗೆದಾಗಲೆಲ್ಲ, “ಗಡಬಡಿಸಬ್ಯಾಡ್ರಿ, ಗಿರಾಕಿ ಹೊರಗ ನಿಂತಿಲ್ಲ,” ಎಂದು ಗದರಿದರು.

ನಿರ್ದೇಶಕರಿಗೆ ನಾನು ಕಳಿಸಿದ್ದು ಎರಡು ಸಾಲಲ್ಲ, ಒಂಬತ್ತು ಪುಟ. ಹನ್ನೊಂದು ಚಿತ್ರಗಳು, ಪ್ರತಿಯೊಂದರ ಕೆಳಗೂ ಒಂದೇ ವಾಕ್ಯ: ಅಂಟು ಬಿಟ್ಟಿಲ್ಲ. ಷರತ್ತಿನಲ್ಲಿ ಅಂಟು ಬಿಟ್ಟರೆ ಎಂದಿದೆ, ತುಂಡು ಬಿದ್ದರೆ ಎಂದಿಲ್ಲ. ಆದ್ದರಿಂದ ತೊಟ್ಟಿಗಳನ್ನು ಮುಚ್ಚುವ ಅಧಿಕಾರ ತಮಗಿಲ್ಲವೆಂದು ಸ್ಪಷ್ಟವಾಗಿ ಬರೆದೆ. ಕಲ್ಲಿನ ಆಯ್ಕೆ ಯಾರದೆಂದು ಸೌಜನ್ಯಕ್ಕಾಗಿ ಬರೆಯಲಿಲ್ಲ. ಅವರಿಂದ ಫೋನು ಬಂತು.

“ನೀವು ವಕೀಲರ ಹಾಗೆ ಬರೆದಿದ್ದೀರಿ ಮೇಡಂ.”

“ಬಾಗೇವಾಡಿಯಲ್ಲಿ ಒಬ್ಬರ ಸಹವಾಸವಾಗಿದೆ ಸರ್.”

“ವಾಹನ ಕಳಿಸುವುದಿಲ್ಲ,” ಎಂದರು ಅವರು. ಕಲ್ಲಿನ ಬಗ್ಗೆ ಅವರೂ ಒಂದು ಮಾತು ಆಡಲಿಲ್ಲ. ತಪ್ಪಿನ ಅರಿವಿನಿಂದ ಸುಮ್ಮನಾದರೆಂದು ಅಂದು ನಾನು ತಿಳಿದೆ.

ಹನ್ನೊಂದರಲ್ಲಿ ಎರಡು ಉಸುಕಿನ ಗಾಯದಿಂದ ಕೊಳೆತು ಹೋದವು. ಒಂಬತ್ತು ನಿಂತವು. ಇಂದು ಶಾಂತಕ್ಕನ ತೊಟ್ಟಿಯಲ್ಲಿ ಕಲ್ಲು ಕಾಣುವುದಿಲ್ಲ. ಅಂಚಿನಿಂದ ಇಳಿದ ಹವಳ ಇಡೀ ಕಲ್ಲನ್ನು ಹೊದ್ದುಕೊಂಡಿದೆ. ಜಂಪರಿನ ಅಳತೆ ಕೊಡಲು ಬಂದವರು ಅದರ ಮುಂದೆ ಕುಳಿತುಬಿಡುತ್ತಾರಂತೆ. ಬಯಲುಸೀಮೆಯಲ್ಲಿ ಹವಳ ಬದುಕದು ಎಂದವರು ಸಿಂದಗಿಯ ಬಸ್ಸು ಹತ್ತಲಿ.

ಇಷ್ಟನ್ನು ಬರೆದು ಮುಗಿಸಿ, ವಾಡಿಕೆಯಂತೆ ತಾರೀಖುಗಳನ್ನು ತಾಳೆ ನೋಡಲು ಪ್ರಯೋಗದ ಪತ್ರವ್ಯವಹಾರದ ಕಡತವನ್ನು ತೆರೆದೆ. ಅದರಲ್ಲಿ ೨೬ ನವೆಂಬರ್ ೨೦೧೮, ಸೋಮವಾರದ ಒಂದು ಪತ್ರವಿದೆ. ನಿರ್ದೇಶಕರಿಗೆ ನಾನು ಬರೆದದ್ದು, ಅಕ್ಷರ ನನ್ನದು. ತೊಟ್ಟಿಗಳಿಗೆ ಮುದ್ದೇಬಿಹಾಳದ ಫರಸಿಕಲ್ಲನ್ನೇ ಬಳಸಲು ಅನುಮತಿ ಕೋರಿ, ಚೂರುಗಳನ್ನು ಸ್ವತಃ ನಾನೇ ಆರಿಸಿರುವುದಾಗಿ ತಿಳಿಸಿದ್ದೇನೆ. ಎರಡನೆಯ ಪರಿಚ್ಛೇದದಲ್ಲಿ ಹೀಗಿದೆ: “ಈ ಕಲ್ಲು ನೀರಿನಲ್ಲಿ ಪದರು ಬಿಡುವುದೆಂದು ವ್ಯಾಪಾರಿ ಸಂಗಪ್ಪನವರು ಎಚ್ಚರಿಸಿದ್ದಾರೆ. ಅವರು ಹವಳವನ್ನು ಬಲ್ಲವರಲ್ಲವಾದ್ದರಿಂದ ಅದನ್ನು ಪರಿಗಣಿಸಬೇಕಾಗಿಲ್ಲ.” ಅಂಚಿನಲ್ಲಿ ನಿರ್ದೇಶಕರ ಕೆಂಪು ಶಾಯಿಯ ಟಿಪ್ಪಣಿ: “ಸಿಮೆಂಟ್ ಬಿಲ್ಲೆಗಳೇ ಸಾಕಲ್ಲವೇ? ಪರೀಕ್ಷಿಸಿದ್ದೀರಾ? ತಾವು ಪಟ್ಟು ಹಿಡಿದಿರುವುದರಿಂದ ಅನುಮತಿಸಿದೆ.”

ಮೇಲಿನ ಪುಟಗಳನ್ನು ತಿದ್ದಿಲ್ಲ. ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದು ಹಾಗೆಯೇ ಉಳಿಯಲಿ. ಕಲ್ಲಿನ ವಿಷಯದಲ್ಲಿ ಓದುಗರು ನಂಬಬೇಕಾದದ್ದು ಪತ್ರವನ್ನು, ನನ್ನನ್ನಲ್ಲ.